ಲಾರಿಯ ಎರಡನೆಯ ಹಾರ್ನು

ಸೀಸೆಯ ಮುಚ್ಚಳ ತಿರುಗಿಸಿದ ಕೂಡಲೇ ಬಂದದ್ದು ಅತಿಯಾಗಿ ಹಣ್ಣಾದ ಬಾಳೆಯ ವಾಸನೆ. ಅದರ ಬೆನ್ನಿಗೇ ಮೂಗಿನ ಮೇಲ್ತುದಿಯನ್ನು ಚುರ್ರೆನಿಸುವ ಇನ್ನೊಂದು ಘಾಟು. ನವನಗರದ ನಮ್ಮ ಮನೆಯ ಊಟದ ಮೇಜಿನ ಮೇಲೆ ಹಳೆಯ ಪತ್ರಿಕೆ ಹಾಸಿಕೊಂಡು ಕುಳಿತಿದ್ದ ನಾನು ಒಂದು ಗಳಿಗೆ ಕೈ ತಡೆದೆ. ಪ್ಲಾಸ್ಟಿಕ್ ಅಂಟಿಸುವ ಆ ಅಂಟಿನ ವಾಸನೆಯನ್ನು ನಾನು ಜೀವನದಲ್ಲಿ ಇದಕ್ಕೂ ಮೊದಲು ಮೂಸಿದ್ದು ಒಂದೇ ಮನೆಯಲ್ಲಿ, ಒಂದೇ ಚಳಿಗಾಲದಲ್ಲಿ. ಆ ಮನೆ ಈಗ ಘಟಪ್ರಭೆಯ ಹಿನ್ನೀರಿನ ಕೆಳಗಿದೆ. ಹಳೆಯ ಬಾಗಲಕೋಟೆಯವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ನಮ್ಮಲ್ಲಿ ಬಹುಪಾಲು ಜನರ ಬಾಲ್ಯಕ್ಕೆ ನೀರಿನಡಿಯ ವಿಳಾಸವೇ ಇರುವುದು.

ಆ ಮನೆಯ ನಡುಕೋಣೆಯಲ್ಲಿ ಕಂದೀಲಿನ ಮಸಿ ಹಿಡಿದ ತೊಲೆಗಳಿದ್ದವು, ತೊಲೆಗಳ ಕೆಳಗೆ ಗೋಡೆಯಲ್ಲಿ ಆಳೆತ್ತರಕ್ಕೆ ಕೊರೆದ ಗೂಡು, ಒಂದು ಮಾಡವಿತ್ತು, ಮಾಡದಲ್ಲಿ ಕಾಕಾನ ಲಾರಿ ಇತ್ತು. ಕಾಕಾ ಎಂದರೆ ನಮ್ಮಪ್ಪನ ತಮ್ಮ. ಊರಿನ ಲಾರಿ ಆಫೀಸಿನಲ್ಲಿ ಗುಮಾಸ್ತನಾಗಿದ್ದ ಅವನು ಅರಳೆಯ ಅಂಡಿಗೆಗಳನ್ನೂ ಇಳಕಲ್ಲಿನ ಸೀರೆಯ ಗಂಟುಗಳನ್ನೂ ದೂರದೂರುಗಳಿಗೆ ಕಳಿಸುತ್ತಿದ್ದ. ಜೀವಮಾನದಲ್ಲಿ ಒಮ್ಮೆಯೂ ಸ್ಟೇರಿಂಗ್ ಹಿಡಿದವನಲ್ಲ, ಹಿಡಿಯುವ ಆಸೆ ಮಾತ್ರ ಬಿಟ್ಟಿರಲಿಲ್ಲ. ಅವನ ಈ ಆಸೆಯನ್ನು ಬಲ್ಲ ಮುಂಬಯಿಯ ವ್ಯಾಪಾರಿಯೊಬ್ಬ ಒಂದು ದೀಪಾವಳಿಗೆ ಅವನಿಗೆ ಉಡುಗೊರೆಯಾಗಿ ಒಂದು ಪೆಟ್ಟಿಗೆ ಕಳಿಸಿದ್ದ. ಒಳಗೆ ಪರದೇಶದ ಮೂತಿಯುದ್ದದ ಲಾರಿಯೊಂದು ಬಿಡಿಬಿಡಿಯಾಗಿ ಮಲಗಿತ್ತು: ಚೌಕಟ್ಟಿಗೆ ಕಾಯಿಗಳಂತೆ ಜೋತುಬಿದ್ದ ಗಾಲಿ, ಬಾಗಿಲು, ಬಂಪರು. ಒಂದೊಂದನ್ನೇ ಕತ್ತರಿಸಿ ಅಂಟಿಸಿದರೆ ಮೊಳಕೈಗಿಂತ ಚಿಕ್ಕದಾದ, ಆದರೆ ಎಲ್ಲ ವಿವರವೂ ಇರುವ ಲಾರಿ ಸಿದ್ಧವಾಗುತ್ತಿತ್ತು. ಕಾಕಾ ಭಾಗಗಳನ್ನು ಹಿತ್ತಾಳೆಯ ಹರಿವಾಣದಲ್ಲಿ ಹರಡಿಕೊಂಡು, ಪೆಟ್ಟಿಗೆಯ ಮುಚ್ಚಳದ ಮೇಲಿನ ಬಣ್ಣದ ಚಿತ್ರವನ್ನು ಎದುರಿನ ಗೋಡೆಗೆ ಒರಗಿಸಿಕೊಂಡು, ದಿನವೂ ಸಂಜೆ ಕೂಡುತ್ತಿದ್ದ. ಸೋಮವಾರ ಮಾತ್ರ ಗಾಲಿಗಳನ್ನು ಮುಟ್ಟುತ್ತಿರಲಿಲ್ಲ. “ಸೋಮಾರ ಎತ್ತಿನ ಕೊಳ್ಳಿಗೆ ನೊಗಾ ಹಾಕಂಗಿಲ್ಲ, ಲಾರಿ ಏನ್ ಎತ್ತಿಗಿಂತಾ ಕಡಿಮಿ ದುಡೀತೈತೇನು?” ಎನ್ನುತ್ತಿದ್ದ. ಅವ್ವ ಒಲೆಯ ಮುಂದಿನಿಂದಲೇ, “ಹಂಗಾದ್ರ ಅದಕ್ಕ ಹೊಟ್ಟು ಮೇವು ಹಾಕು ಮೈದುನಾ” ಎಂದು ನಗುತ್ತಿದ್ದಳು.

ಲಾರಿ ಮುಗಿದ ಮೇಲೆ ಮಾಡ ಸೇರಿತು. ಕೆಳಗಿನಿಂದ ನೋಡುವ ನಮಗೆ ಅದರ ಮೂತಿ, ದೀಪ, ಮುಂದಿನ ಗಾಲಿಗಳು ಮಾತ್ರ ಕಾಣುತ್ತಿದ್ದವು. ಉಳಿದುದನ್ನು ನಾವು ಗೋಡೆಗೆ ಮೊಳೆ ಹೊಡೆದು ಸಿಕ್ಕಿಸಿದ ಮುಚ್ಚಳದ ಚಿತ್ರದಲ್ಲಿ ನೋಡಿಕೊಳ್ಳುತ್ತಿದ್ದೆವು. ಆ ಚಿತ್ರದಲ್ಲಿ ಲಾರಿಯ ನೆತ್ತಿಯ ಮೇಲೆ ಕಹಳೆಯಂಥ ಎರಡು ಹಾರ್ನುಗಳು ಮಿರಮಿರನೆ ಹೊಳೆಯುತ್ತಿದ್ದವು.

ಮುಂದಿನ ವರ್ಷದ ಖಂಡೇನವಮಿಯ ದಿನ ಮನೆಯ ಕೊಡಲಿ, ಕುಡುಗೋಲು, ತಕ್ಕಡಿಗಳ ಜೊತೆ ಲಾರಿಗೂ ಪೂಜೆಯಾಗಬೇಕೆಂದು ಕಾಕಾ ಹಟ ಹಿಡಿದ. ಪೂಜೆಗೆ ಮುಂಚೆ ಗಾಡಿಗೆ ಸ್ನಾನವಾಗಬೇಕಲ್ಲ. ಆ ಕೆಲಸ ನನ್ನ ತಂಗಿ ನೀಲಾಳ ಪಾಲಿಗೆ ಬಂತು. ಇನ್ನೂ ಸಾಲೆಗೆ ಸೇರದ ಹುಡುಗಿ, ಬಚ್ಚಲಲ್ಲಿ ಕುಳಿತು, ತಂಬಿಗೆಯ ನೀರು ಹೊಯ್ದು, ಕೂಸಿಗೆ ಎರೆದ ಹಾಗೆ ಎರೆದಳು. ಸೆರಗಿಲ್ಲದ್ದಕ್ಕೆ ಲಂಗದ ತುದಿಯಿಂದಲೇ ಒರೆಸಿ ತಂದುಕೊಟ್ಟಳು. ಕಾಕಾ ನೆತ್ತಿಗೆ ವಿಭೂತಿ ಎಳೆಯಲು ಬಗ್ಗಿದವನು ಹಾಗೆಯೇ ನಿಂತ. ಬಲಗಡೆ ಹಾರ್ನು ಇತ್ತು. ಎಡಗಡೆ ಜೋಳದ ಕಾಳಿನಷ್ಟು ಒಂದು ಮೊಟಕು ಮಾತ್ರ ಉಳಿದಿತ್ತು.

ಬಚ್ಚಲಿನ ಕಲ್ಲು ಎಬ್ಬಿಸಿದರು. ಮೋರಿಯ ಕೆಸರನ್ನು ಸಾರಣಿಗೆಯಲ್ಲಿ ಹಾಕಿ ಜರಡಿ ಹಿಡಿದರು. ಹಾರ್ನು ಸಿಗಲಿಲ್ಲ. ಕಾಕಾನ ಮುಖ ಸಣ್ಣದಾಗಿತ್ತು. “ಎರಡೂ ಹಾರ್ನ್ ನಾನs ಕೈಯಾರೆ ಹಚ್ಚೇನಿ” ಎಂದ. ನಾನು ಆ ಮೊಟಕಿನ ಮೇಲೆ ಬೆರಳಾಡಿಸಿ ನೋಡಿದೆ. ಅದು ನುಣ್ಣಗಿತ್ತು, ಹೆಸರುಕಾಳಿನ ಹಾಗೆ ದುಂಡಗಿತ್ತು. “ಮುರದಿದ್ರ ಚುಚ್ಚಬೇಕಲ್ಲ?” ಎಂದೆ. ಮೂಲೆಯಲ್ಲಿ ಕುಳಿತಿದ್ದ ನಮ್ಮ ಆಯಿ, ಅಪ್ಪನ ತಾಯಿ, ಮನೆಯ ಕೊನೆಯ ಮಾತು ಹೇಳುವವಳು, ನನ್ನ ಸಂಶಯವನ್ನೇ ಎತ್ತಿ ಸಾಕ್ಷಿಯಾಗಿ ನಿಲ್ಲಿಸಿದಳು: “ಯಾಕ ಚುಚ್ಚತೈತಿ? ಪೆಪ್ಪರಮಿಂಟ್ ಚೀಪಿದಂಗ ಚೀಪ್ಯಾಳ. ಚೀಪಿ ಚೀಪಿ ನುಂಗ್ಯಾಳ!” ನೀಲಾ ಇಲ್ಲ ಇಲ್ಲ ಎಂದು ಅತ್ತಳು. ಅಳುವುದಕ್ಕೆ ತೆರೆದ ಬಾಯಿಗೇ ಔಡಲೆಣ್ಣೆ ಬಿತ್ತು. ಹಬ್ಬದ ಹೋಳಿಗೆ ಅವಳಿಗೆ ಸಿಗಲಿಲ್ಲ. ಮರುದಿನವೂ ಹಾರ್ನು ಹೊರಬೀಳಲಿಲ್ಲ; ಹಾಗಿದ್ದೂ ಯಾರೂ ತೀರ್ಪು ಬದಲಿಸಲಿಲ್ಲ. ಓಣಿಯ ತುಂಬ ಅವಳ ಹೆಸರು ‘ಹಾರ್ನ್ ನುಂಗಿದಾಕಿ’ ಎಂದಾಯಿತು. ಅವಳು ಬಿಕ್ಕಿದರೆ, ಸೀನಿದರೆ, “ಸರೀರ್ಯೋ, ಲಾರಿ ಬಂತು” ಎಂದು ಹುಡುಗರು ಗೋಡೆಗೆ ಸರಿದು ನಿಲ್ಲುತ್ತಿದ್ದರು. ಅವಳ ಮದುವೆಯಲ್ಲಿ ಬೀಗರ ಮುಂದೆಯೂ ಕಾಕಾ ಇದನ್ನು ಹೇಳಿ ನಗಿಸಿದ. ಅವನು ಅದನ್ನು ಪ್ರೀತಿಯಿಂದಲೇ ಹೇಳಿದನೆಂಬುದರಲ್ಲಿ ನನಗೆ ಸಂಶಯವಿಲ್ಲ. ನನ್ನ ಸಂಶಯ ಇದ್ದದ್ದು ಆ ನುಣುಪಿನ ಬಗ್ಗೆ.

ಏಳನೆಯ ಇಯತ್ತೆಗೇ ಸಾಲೆ ಬಿಟ್ಟ ನಾನು ಮುಂದಿನದನ್ನೆಲ್ಲ ವಾಚನಾಲಯದ ಬೆಂಚುಗಳ ಮೇಲೆ ಕಲಿತವನು. ಹಾಗೆ ಕಲಿತವರಿಗೆ ಯಾರು ಹೇಳಿದ್ದನ್ನೂ ಹಾಗೆಯೇ ಒಪ್ಪದ ಒಂದು ಚಟ ಅಂಟಿಕೊಳ್ಳುತ್ತದೆ. ಬಾದಾಮಿಯ ಗುಹೆಗಳಲ್ಲಿ ಗೈಡು ಕಥೆ ಹೇಳುತ್ತಿರುವಾಗ ನಾನು ಉಳಿಯ ಗುರುತು ಹುಡುಕುತ್ತ ಹಿಂದೆ ಉಳಿದುಬಿಡುತ್ತೇನೆ. ಊರು ಬಿಟ್ಟಾಗ ಕಾಕಾನ ಲಾರಿ ಎಲ್ಲಿ ಹೋಯಿತೆಂಬುದಕ್ಕೆ ನಮ್ಮ ಮನೆತನದಲ್ಲಿ ಬೇರೆ ಬೇರೆ ಕಥೆಗಳಿವೆ. ಟ್ರ್ಯಾಕ್ಟರಿನಲ್ಲಿ ಜೋಳದ ಚೀಲಗಳ ಅಡಿ ಸಿಕ್ಕಿ ಪುಡಿಯಾಯಿತೆಂದು ಅಣ್ಣಂದಿರು, ಮಾಡದಲ್ಲೇ ಮರೆತು ಬಂದೆವೆಂದು ಅತ್ತಿಗೆ. ಯಾವುದನ್ನೂ ನಾನು ನಂಬಿಲ್ಲ, ಯಾವುದನ್ನೂ ಅಲ್ಲಗಳೆಯಲಾರೆ. ಆದರೆ ಹಿನ್ನೀರಿನ ದಂಡೆಯಲ್ಲಿ ನಿಂತಾಗಲೆಲ್ಲ ನಾನು ಬಾಗಿಲು, ಪಡಸಾಲೆ, ಬಚ್ಚಲು ಎಂದು ಮನಸ್ಸಿನಲ್ಲಿ ನಡೆಯುತ್ತ, ಮೋರಿಯ ಕೆಸರಿನಲ್ಲೆಲ್ಲೋ ಇರಬಹುದಾದ ಆ ಚಿಕ್ಕ ಹಾರ್ನಿನ ಹತ್ತಿರ ಬಂದು ನಿಲ್ಲುತ್ತಿದ್ದೆ.

ಈ ಕಥೆಯನ್ನೆಲ್ಲ ಕೇಳಿದ್ದರಿಂದಲೇ ನನ್ನ ಮೊಮ್ಮಗಳು ಅಕ್ಷತಾ ಇಂಟರ್ನೆಟ್ಟಿನಲ್ಲಿ ಹುಡುಕಿ ಅದೇ ಮೂತಿಯುದ್ದದ ಲಾರಿಯ ಪೆಟ್ಟಿಗೆಯನ್ನು ತರಿಸಿದ್ದಳು. ತರಿಸಿದ ಮೇಲೆ ಅವಳಿಗೇ ಪೆಚ್ಚಾಯಿತು. “ಅಜ್ಜಾ, ಇದು ನಿಮ್ಮ ಕಾಕಾಂದಲ್ಲ. ಪೂರಾ ಹೊಸಾ ಅಚ್ಚಿನ್ಯಾಗ ಮಾಡೇವಿ ಅಂತ ಡಬ್ಬಿ ಮ್ಯಾಲೇ ಬರದಾರ ನೋಡು.” ಇಂಥ ಪುಟ್ಟ ಲಾರಿ, ಕಾರುಗಳನ್ನು ಜೋಡಿಸಿ ಕೂಡಿಡುವವರ ಲೋಕದಲ್ಲಿ ಇದು ದೊಡ್ಡ ಜಗಳವೆಂದು ಅವಳೇ ಹೇಳಿದಳು. ಹಳೆಯ ಉಕ್ಕಿನ ಅಚ್ಚನ್ನು ಗೋದಾಮಿನಿಂದ ತೆಗೆದು, ಒರೆಸಿ, ಮತ್ತೆ ಅದರಲ್ಲೇ ಪ್ಲಾಸ್ಟಿಕ್ ಹೊಯ್ದು ಹೊಸ ಪೆಟ್ಟಿಗೆಯಲ್ಲಿ ಮಾರುವವರುಂಟು. ನಿಜದ ಲಾರಿಯನ್ನು ಮತ್ತೆ ಅಳೆದು ಹೊಸದಾಗಿ ಅಚ್ಚು ಕೊರೆಸುವವರೂ ಉಂಟು. ಜಾಣರು ಹೊಸದನ್ನೇ ಮೆಚ್ಚುತ್ತಾರಂತೆ. ಅದರ ಅಂಚು ಹರಿತ, ಜೋಡಣೆ ಬಿಗಿ, ಅಳತೆ ನಿಖರ. ಅಚ್ಚಿನ ಮಾತು ಕೇಳಿದ ಮೇಲೆ ಆ ನುಣುಪಿನ ಬಗ್ಗೆ ನನ್ನಲ್ಲಿ ಮೊದಲ ಬಾರಿಗೆ ಒಂದು ಗುಮಾನಿ ಹುಟ್ಟಿತ್ತು; ನನಗೆ ಬೇಕಾದದ್ದು ಹಳೆಯದರ ತಪ್ಪು. ಅದು ಹೊಸ ಅಚ್ಚಾಗಿದ್ದರೆ ನನ್ನ ಕೈಗೆ ಬಂದದ್ದು ಒಳ್ಳೆಯದೊಂದು ಆಟಿಕೆ, ಅಷ್ಟೆ. ಹಳೆಯದಾಗಿದ್ದರೆ ನೀಲಾಳ ವಿಚಾರಣೆಯನ್ನು ಮತ್ತೆ ನಡೆಸಬಹುದಿತ್ತು.

ಭೂತಕನ್ನಡಿ ಹಿಡಿದು ಕುಳಿತೆ. ಗಾಲಿಗಳು ಹೊಸವು, ಸಂಶಯವಿಲ್ಲ. ಟೈರಿನ ಗೀರುಗಳು ನಿನ್ನೆ ಕೊರೆದಂತಿದ್ದವು. ಆದರೆ ಬಾಗಿಲುಗಳ ಅಂಚಿಗೆ ಹಾಲಿನ ಕೆನೆಯಷ್ಟು ತೆಳ್ಳನೆಯ ಪ್ಲಾಸ್ಟಿಕ್ಕಿನ ಪರೆ ಇತ್ತು. ಅಚ್ಚಿನ ಎರಡು ಹೋಳುಗಳು ಸವೆದು, ಬಾಯಿಗೆ ಬಾಯಿ ಕೂಡದೆ ಹೋದಾಗ ಮಾತ್ರ ಹಾಗೆ ಸೋರುತ್ತದೆ. ಲಾರಿಯ ಹೊಟ್ಟೆಯನ್ನು ಮಗುಚಿದೆ. ಹೆಸರಿರಬೇಕಾದ ಜಾಗದಲ್ಲಿ ಏನನ್ನೋ ಉಜ್ಜಿ ಅಳಿಸಿದ ಚೌಕವಿತ್ತು; ಅದರ ಪಕ್ಕದಲ್ಲಿ ಈಗಿನವರ ಹೆಸರು. ಹೊಸದಾಗಿ ಕೊರೆಸಿದ ಅಚ್ಚಿನಲ್ಲಿ ಅಳಿಸಲು ಏನಿರುತ್ತದೆ? ಪೆಟ್ಟಿಗೆಯ ಮೇಲಿನ ಮಾತು ಗಾಲಿಗಳ ಮಟ್ಟಿಗೆ ಮಾತ್ರ ಖರೆ. ಕೊನೆಗೆ ನೆತ್ತಿಯ ಭಾಗವನ್ನು ಕೈಗೆತ್ತಿಕೊಂಡೆ. ಬಲಗಡೆ ಹಾರ್ನು. ಎಡಗಡೆ ಜೋಳದ ಕಾಳಿನಷ್ಟು ಮೊಟಕು. ನುಣ್ಣಗೆ, ದುಂಡಗೆ. ಕಣ್ಣು ಮುಚ್ಚಿ ಬೆರಳಾಡಿಸಿದೆ. ಬೆರಳಿಗೆ ಗುರುತು ಸಿಕ್ಕಿತು.

ಇನ್ನೂ ಒಂದು ಸಂಗತಿ ಆಗ ಹೊಳೆಯಿತು. ಹಾರ್ನುಗಳು ಬಿಡಿ ಭಾಗಗಳೇ ಅಲ್ಲ. ನೆತ್ತಿಯ ಜೊತೆಗೇ ಅಚ್ಚಿನಿಂದ ಎದ್ದು ಬರುವಂಥವು. ಹಾಗಾದರೆ ಕಾಕಾ ‘ಕೈಯಾರೆ ಹಚ್ಚಿದ್ದು’ ಯಾವುದನ್ನು? ಅವನು ಸುಳ್ಳಾಡುವ ಮನುಷ್ಯನಲ್ಲ. ಆ ಚಳಿಗಾಲವೆಲ್ಲ ಅವನು ಕೈಯಲ್ಲಿದ್ದ ಲಾರಿಗಿಂತ ಗೋಡೆಗೊರಗಿದ ಚಿತ್ರವನ್ನೇ ಹೆಚ್ಚಾಗಿ ನೋಡಿದ್ದ. ಅವನು ಕಟ್ಟಿದ್ದು ಅದನ್ನೇ. ಅಚ್ಚಿನಲ್ಲಿ ಎಡ ಹಾರ್ನಿನ ಗುಳಿ ಎಂದೋ ಮುಚ್ಚಿಹೋಗಿತ್ತು, ಯಾರೂ ಅದನ್ನು ತಿದ್ದಿರಲಿಲ್ಲ, ಈಗಿನವರೂ ತಿದ್ದಲಿಲ್ಲ. ಇದೇ ಪೆಟ್ಟಿಗೆ ಲೋಕದ ಇನ್ನೆಷ್ಟು ಮನೆಗಳಿಗೆ ಹೋಗಿತ್ತೋ, ಅಲ್ಲೆಲ್ಲ ಯಾವ ಯಾವ ಎಣ್ಣೆ ಯಾರ ಯಾರ ಬಾಯಿಗೆ ಬಿತ್ತೋ ಎಂಬ ಕುತೂಹಲ ನನ್ನನ್ನು ಬಹಳ ಹೊತ್ತು ಬಿಡಲಿಲ್ಲ.

ವಿಚಿತ್ರವೆಂದರೆ ಅಚ್ಚಿನ ತಪ್ಪು ಎಂದರೇನೆಂದು ನಮ್ಮ ಮನೆಗೆ ಗೊತ್ತಿರಲಿಲ್ಲವೆಂದಲ್ಲ. ಗೌರಿ ಹುಣ್ಣಿಮೆಗೆ ಹೆಣ್ಣುಮಕ್ಕಳು ಗೌರಿಗೆ ಬೆಳಗಲು ಆಯಿ ಮನೆಯಲ್ಲೇ ಸಕ್ಕರೆ ಆರತಿ ಮಾಡುತ್ತಿದ್ದಳು. ನೀರಲ್ಲಿ ನೆನೆದ ಮರದ ಅಚ್ಚಿನ ಹೋಳುಗಳನ್ನು ದಾರದಿಂದ ಬಿಗಿದು, ಕುದಿವ ಪಾಕ ಹೊಯ್ದು, ಆರಿದ ಮೇಲೆ ಬಿಚ್ಚಿದರೆ ಬೆಳ್ಳಗೆ ಆನೆ, ಒಂಟೆ, ಗಿಳಿಗಳು ಎದ್ದು ಬರುತ್ತಿದ್ದವು. ಗಿಳಿಗೆ ಮಾತ್ರ ಚುಂಚು ಇರುತ್ತಿರಲಿಲ್ಲ. ಅಚ್ಚು ಸೀಳಿದಾಗ ಬಡಿಗ ಹೊಡೆದ ಬೆಣೆ ಚುಂಚಿನ ಗುಳಿಯನ್ನು ಮುಚ್ಚಿಬಿಟ್ಟಿತ್ತು. ವರ್ಷ ವರ್ಷವೂ ಚುಂಚಿಲ್ಲದ ಗಿಳಿ ಹುಟ್ಟುತ್ತಿತ್ತು, ಯಾವುದೋ ಮಗು ಚುಂಚು ತಿಂದಿತೆಂದು ಯಾರೂ ಹೇಳಲಿಲ್ಲ. ಆ ವರ್ಷದ ಹುಣ್ಣಿಮೆಗೂ ಆಯಿ ಗಿಳಿಯನ್ನೇ ನೀಲಾಳ ತಾಟಿನಲ್ಲಿಟ್ಟು, “ಹಾರ್ನ್ ನುಂಗಿದಾಕೀಗೆ ಬಾಯಿಲ್ಲದ ಗಿಣಿ” ಎಂದು ನಕ್ಕಿದ್ದಳು. ಎರಡನ್ನೂ ಒಂದೇ ಮಾತಿನಲ್ಲಿ ಸೇರಿಸಿದವಳಿಗೆ ಎರಡೂ ಒಂದೇ ಎಂದು ತೋಚಲಿಲ್ಲ. ನಮ್ಮ ಬಡಿಗನ ಅಚ್ಚು ತಪ್ಪಬಹುದಿತ್ತು. ಪರದೇಶದ ಯಂತ್ರ ತಪ್ಪಬಹುದೆಂದು ಆಗ ಯಾರ ತಲೆಗೂ ಬರಲಿಲ್ಲ. ನನ್ನ ತಲೆಗೂ.

ಲಾರಿ ಮುಗಿಸಿದೆ. ಕಡ್ಡಿಯೊಂದನ್ನು ಕೊರೆದು ಎಡ ಹಾರ್ನು ಮಾಡಿಕೊಡುತ್ತೇನೆಂದು ಅಕ್ಷತಾ ಹೇಳಿದಳು, ಬೇಡವೆಂದೆ. ಹುನಗುಂದದ ಮೇಲೆ ಹೋಗುವ ಬಸ್ಸಿನಲ್ಲಿ, ತೊಡೆಯ ಮೇಲೆ ಪೆಟ್ಟಿಗೆ ಇಟ್ಟುಕೊಂಡು, ಇಳಕಲ್ಲಿನಲ್ಲಿ ಮಗನೊಂದಿಗಿರುವ ನೀಲಾಳ ಮನೆಗೆ ಹೋದೆ. ಪಕ್ಕದ ಮನೆಯ ಮಗ್ಗ ಬಡಿಯುತ್ತಿತ್ತು. ಅವಳ ಕೂದಲೆಲ್ಲ ಬೆಳ್ಳಗಾಗಿದೆ, ಕಾಲಿನ ಕೀಲು ನೋವು. ನಗು ಮಾತ್ರ ಅದೇ.

“ಏನ್ ತಂದೀ ಅಣ್ಣಾ, ಮುಪ್ಪಿನ್ಯಾಗ ಆಟಿಗಿ?” ಎಂದಳು. ಲಾರಿಯನ್ನು ಕಂಡ ಕೂಡಲೇ ಬಾಯಿಗೆ ಸೆರಗು ಮುಚ್ಚಿಕೊಂಡಳು. ಎಲ್ಲವನ್ನೂ ಹೇಳಿದೆ: ಪರೆ, ಅಳಿಸಿದ ಚೌಕ, ನೆತ್ತಿಯ ಜೊತೆಗೇ ಹುಟ್ಟುವ ಹಾರ್ನು. ಅವಳ ಬೆರಳು ಹಿಡಿದು ಮೊಟಕಿನ ಮೇಲಿಟ್ಟೆ. ಅವಳು ಬೆರಳನ್ನು ಅಲ್ಲಿಂದ ತೆಗೆಯಲೇ ಇಲ್ಲ.

“ಖರೆ ಹೇಳ್ಲೇನಣ್ಣಾ?” ಎಂದಳು ಕೊನೆಗೆ. “ಮೊದಲ ಮೊದಲ ನಾ ನುಂಗಿಲ್ಲ ಅಂತಿದ್ದೆ. ಆಮ್ಯಾಲ ನನಗs ನೆನಪಾತು. ಬಚ್ಚಲದಾಗ ಕುಂತಿದ್ದು, ಬಾಯಾಗ ಇಟ್ಕೊಂಡಿದ್ದು, ಗಂಟಲದಾಗ ತಣ್ಣಗ ಇಳದಿದ್ದು. ಮಮ್ಮಕ್ಕಳಿಗೆಲ್ಲಾ ಹಂಗs ಹೇಳೇನಿ.”

“ಇಳದಿಲ್ಲವಾ. ಅದು ಇರಲೇ ಇಲ್ಲ.”

“ಹಂಗಾದ್ರ ಆಯಿ ಔಡಲೆಣ್ಣಿ ಪುಕ್ಕಟೆ ಕುಡಿಸಿದ್ಲು ಅನ್ನು!” ಎಂದು ಗೊಳ್ಳನೆ ನಕ್ಕಳು. ನಗುತ್ತ ನಗುತ್ತ ಕಣ್ಣೊರೆಸಿಕೊಂಡಳು. “ಇದನ್ನ ಆಕೀಗೆ ತೋರಸಬೇಕಿತ್ತಣ್ಣಾ. ಕಾಕಾಗೆ ತೋರಸಬೇಕಿತ್ತು. ಈಗ ಬಂತು ನೋಡು ತೀರ್ಪು, ಕೇಳವ್ರs ಇಲ್ಲದಾಗ.” ಅವಳು ಕೀಲು ಹಿಡಿದುಕೊಂಡು ಎದ್ದು ಒಳಗೆ ಹೋಗಿ, ಬಟ್ಟೆಯಲ್ಲಿ ಸುತ್ತಿದ ಆಯಿಯ ಮರದ ಅಚ್ಚನ್ನು ತಂದಳು. ಊರು ಬಿಡುವಾಗ ಅವಳು ಕೇಳಿ ಪಡೆದದ್ದು ಅದೊಂದನ್ನೇ ಎಂದು ನನಗೆ ಆಗ ತಿಳಿಯಿತು. ಗಿಳಿಯ ಹೋಳು ತೆರೆದು, ಬೆಣೆಯ ಮೇಲೊಂದು ಬೆರಳು, ಲಾರಿಯ ನೆತ್ತಿಯ ಮೇಲೊಂದು ಬೆರಳು ಇಟ್ಟಳು. ಆಮೇಲೆ ಕೇಳಿದಳು: “ಹಂಗಾದ್ರ ಗಂಟಲದಾಗ ಇಳದಿದ್ದು ಏನಣ್ಣಾ?”

ನಾನು ಲಾರಿಯನ್ನು ಅವಳ ಮಡಿಲಿಗೆ ಸರಿಸಿದೆ.

ಲಾರಿ ಅವಳಲ್ಲೇ ಉಳಿಯಿತು, ನೆತ್ತಿ ಕಾಣುವ ಹಾಗೆ, ಕುಳಿತರೆ ಕೈಗೆಟಕುವ ತಗ್ಗಿನ ಹಲಗೆಯ ಮೇಲೆ. ಊರಿಗೆ ಮರಳಿದ ಮೇಲೆ ಒಂದು ಸಂಜೆ ಹಿನ್ನೀರಿನ ದಂಡೆಗೆ ಹೋದೆ. ನೀರು ಇಳಿದಿತ್ತು; ದೂರದಲ್ಲಿ ಯಾರದೋ ಮನೆಯ ಪಾಯದ ಕಲ್ಲುಗಳು ಕಾಣುತ್ತಿದ್ದವು, ಅವುಗಳ ಮೇಲೆ ಬೆಳ್ಳಕ್ಕಿಗಳು ಕುಳಿತಿದ್ದವು. ರೂಢಿಯಂತೆ ಮನಸ್ಸಿನಲ್ಲೇ ಬಾಗಿಲು ದಾಟಿದೆ, ಪಡಸಾಲೆ ದಾಟಿದೆ, ಬಚ್ಚಲಿಗೆ ಬಂದೆ. ಅಲ್ಲಿ ಹುಡುಕಲು ಏನೂ ಇರಲಿಲ್ಲ. ಆ ಮನೆಯ ಎಲ್ಲವೂ ನೀರಿನ ಪಾಲಾಗಿದೆ, ಆಯಿಯ ಮೂಲೆ, ಅವ್ವನ ಒಲೆ, ಕಾಕಾನ ಮಾಡ. ಆ ಹಾರ್ನೊಂದು ಮಾತ್ರ ಆಗಿಲ್ಲ. ಆ ಬಚ್ಚಲಲ್ಲಿ ಎಳೆಯ ಹುಡುಗಿಯೊಬ್ಬಳು ತಂಬಿಗೆಯಿಂದ ಲಾರಿಗೆ ನೀರು ಹೊಯ್ಯುತ್ತಿದ್ದಳು. ಅವಳನ್ನು ಕರೆಯದೆ ಸ್ವಲ್ಪ ಹೊತ್ತು ನೋಡುತ್ತ ನಿಂತೆ.