ಕಾಕಾ ಹೇಳಿದ ತಾರೀಖು

ಹಿರಿಯರಿಂದ ನನಗೆ ಬಂದ ಆಸ್ತಿ ಎರಡು. ಒಂದು, ಐನಾಪುರದ ಹತ್ತಿರದ ಎರಡು ಎಕರೆ ದ್ರಾಕ್ಷಿ ತೋಟ. ಇನ್ನೊಂದು, ಭಯ. ತೋಟದಲ್ಲಿ ಅಣ್ಣತಮ್ಮಂದಿರೆಲ್ಲ ಪಾಲು ತೆಗೆದುಕೊಂಡರು. ಭಯದಲ್ಲಿ ಪಾಲು ಕೇಳಲು ಯಾರೂ ಬರಲಿಲ್ಲವಾದ್ದರಿಂದ ಅದು ಇಡಿಯಾಗಿ ನನಗೇ ಉಳಿಯಿತು. ಅಥಣಿಯ ಶಾಲೆಯೊಂದರಲ್ಲಿ ಮೂವತ್ತು ವರ್ಷ ಮಾಸ್ತರಿಕೆ ಮಾಡಿ ನಿವೃತ್ತನಾಗಿ ಬಂದಾಗ ಎರಡೂ ಆಸ್ತಿ ಚೆನ್ನಾಗಿ ಬೆಳೆದು ನಿಂತಿದ್ದವು.

ದ್ರಾಕ್ಷಿ ಬೆಳೆಯದವರಿಗೆ ಒಂದು ಮಾತು ಹೇಳಬೇಕು. ಮಳೆಗಾಲ ಹಿಂದೆ ಸರಿಯುವ ಹೊತ್ತಿಗೆ ಬಳ್ಳಿಯ ಕಡ್ಡಿಗಳನ್ನು ಕತ್ತರಿಸುತ್ತೇವೆ. ನಮ್ಮ ಕಡೆ ಇದಕ್ಕೆ ಚಾಟಣಿ ಎನ್ನುತ್ತಾರೆ. ಕತ್ತರಿ ಬಿದ್ದ ದಿನದಿಂದ ಬಳ್ಳಿ ತನ್ನ ದಿನ ಎಣಿಸಲು ಶುರು ಮಾಡುತ್ತದೆ. ಹತ್ತು ದಿನಕ್ಕೆ ಕಣ್ಣು ಒಡೆಯುತ್ತದೆ, ನಲವತ್ತರ ಸುಮಾರಿಗೆ ಹೂವು. ಆ ಹೂವಿನ ಮೇಲೆ ಎರಡು ದಿನ ಮಳೆ ಕೂತಿತೆಂದರೆ ಗೊಂಚಲು ಕೊಳೆತು ಉದುರುತ್ತದೆ, ವರ್ಷ ಮುಗಿಯಿತು. ಮಳೆಗೆ ಹೆದರಿ ಚಾಟಣಿ ತಡ ಮಾಡಿದರೆ ಒಣದ್ರಾಕ್ಷಿ ಮಾಡುವ ಹೊತ್ತಿಗೆ ಆಣೆಕಲ್ಲಿನ ಮಳೆ ಕಾದು ಕೂತಿರುತ್ತದೆ. ಹೀಗೆ ಇಡೀ ವರ್ಷ ಒಂದು ತಾರೀಖಿನ ಮೇಲೆ ಒಂಟಿ ಕಾಲಲ್ಲಿ ನಿಂತಿರುತ್ತದೆ. ಆ ತಾರೀಖನ್ನು ಮೊದಲು ಬಾಯಿಬಿಟ್ಟು ಹೇಳುವ ಗಂಡಸು ನಮ್ಮ ಸುತ್ತಿನ ಹನ್ನೊಂದು ತೋಟಗಳಲ್ಲಿ ಒಬ್ಬನೇ ಇದ್ದ. ಅವನು ನನ್ನ ಕಾಕಾ, ತಂದೆಯ ಕೊನೆಯ ತಮ್ಮ.

ಕಾಕಾನ ಸೊಕ್ಕು ಊರಿಗೆ ಗೊತ್ತಿದ್ದ ವಿಷಯ. ಬಸ್ ಸ್ಟ್ಯಾಂಡಿನ ಚಹಾದಂಗಡಿಯಲ್ಲಿ ಬಶಿಗೆ ಚಹಾ ಸುರುವಿಕೊಳ್ಳುತ್ತ, ಯಾರ ಮುಖವನ್ನೂ ನೋಡದೆ, "ಇಪ್ಪತ್ತೊಂಬತ್ತು" ಎನ್ನುತ್ತಿದ್ದ. ಅಷ್ಟೇ. ಮರುದಿನದಿಂದ ಹನ್ನೊಂದು ತೋಟಗಳವರೂ ತಮಗೆ ತಾವೇ ಹೊಳೆಯಿತು ಎಂಬಂತೆ ಇಪ್ಪತ್ತೊಂಬತ್ತಕ್ಕೆ ತಯಾರಿ ನಡೆಸುತ್ತಿದ್ದರು. ಒಮ್ಮೆ ತೋಟಗಾರಿಕೆಯ ಸಾಹೇಬರೊಬ್ಬರು ಬಂದು, ಮೊಬೈಲಿನಲ್ಲಿ ಮಳೆಯ ಮುನ್ಸೂಚನೆ ತೋರಿಸಿ, ಇನ್ನೊಂದು ವಾರ ಕಾಯುವುದು ಒಳ್ಳೆಯದು ಎಂದರು. ಕಾಕಾ ಮೊಬೈಲನ್ನು ತಿರುಗಿಸಿ ಹಿಂಭಾಗವನ್ನೂ ನೋಡಿದ.

"ಸಾಹೇಬ್ರ, ಈ ಮಳಿ ನಿಮ್ಮ ಮೊಬೈಲಿಗೆ ಬರತೈತಿ. ನನ್ನ ತೋಟಕ್ಕ ಬರೂದಿಲ್ಲ."

ಬರಲಿಲ್ಲ. ಒಂದಲ್ಲ, ಏಳು ವರ್ಷ ಬರಲಿಲ್ಲ. ಏಳು ವರ್ಷವೂ ಕಾಕಾ ಮಳೆಗಾಲದಲ್ಲಿ ಛತ್ರಿ ಇಲ್ಲದೆ ತಿರುಗಾಡಿದ. ಅವನ ಒಣದ್ರಾಕ್ಷಿ ಹರಾಜಿನ ಸವಾಲಿನಲ್ಲಿ ಎಲ್ಲರಿಗಿಂತ ಮೇಲೆ ನಿಂತಿತು. ಅದರ ಬೆನ್ನಿಗೆ ನಮ್ಮದೂ. ಜ್ಞಾನದಿಂದ ಯಶಸ್ಸು ಬರುತ್ತದೆ ಎಂದು ಮೂವತ್ತು ವರ್ಷ ಮಕ್ಕಳಿಗೆ ಹೇಳಿದವನು ನಾನು. ಕಾಕಾನನ್ನು ನೋಡಿದ ಮೇಲೆ ಆ ಮಕ್ಕಳು ದಾರಿಯಲ್ಲಿ ಸಿಕ್ಕರೆ ಮುಖ ತಪ್ಪಿಸುತ್ತಿದ್ದೆ.

ಎಂಟನೆಯ ವರ್ಷ ಮಳೆ ಬಂತು. ಸರಿಯಾಗಿ ಹೂವಿಗೇ ಬಂತು, ಮೂರು ದಿನ ಹೋಗಲಿಲ್ಲ. ಹನ್ನೊಂದು ತೋಟಗಳ ಗೊಂಚಲುಗಳು ಕಪ್ಪಾಗಿ ಜೋತುಬಿದ್ದವು. ನಾಲ್ಕನೆಯ ದಿನ ಎಲ್ಲರೂ ಚಹಾದಂಗಡಿಯಲ್ಲಿ ಕಾಕಾನ ಬಾಯಿ ನೋಡುತ್ತ ಕೂತೆವು. ಅವನು ಬಶಿ ಕೆಳಗಿಟ್ಟು ಹೇಳಿದ:

"ತಾರೀಖು ಬರೋಬರಿ ಇತ್ತು. ಮಳಿ ತಪ್ಪಿತ್ತು."

ನಗಬೇಡಿ. ಆ ಮಾತು ಕೇಳಿ ನಮಗೆಲ್ಲ ಹೋದ ಜೀವ ಬಂದಂತಾಯಿತು. ಬೆಳೆ ಹೋಗಿತ್ತು, ಆದರೆ ಕಾಕಾ ಉಳಿದಿದ್ದ. ಮುಂದಿನ ವರ್ಷಕ್ಕೆ ತಾರೀಖು ಹೇಳುವವನೊಬ್ಬ ಇದ್ದಾನೆ ಎಂದ ಮೇಲೆ ಬೇರೆ ಇನ್ನೇನು ಬೇಕು?

ನಿಜವಾದ ಅನಾಹುತ ಆದದ್ದು ಮುಂದಿನ ಭಾದ್ರಪದದಲ್ಲಿ, ದಶಲಕ್ಷಣ ಪರ್ವದ ಹತ್ತು ದಿನಗಳಲ್ಲಿ. ನಮ್ಮ ಜೈನರಲ್ಲಿ ದಿನಕ್ಕೊಂದು ಧರ್ಮದ ಮೇಲೆ ಬಸ್ತಿಯಲ್ಲಿ ಪ್ರವಚನವಿರುತ್ತದೆ. ಎರಡನೆಯ ದಿನದ್ದು ಉತ್ತಮ ಮಾರ್ದವ, ಅಂದರೆ ಸೊಕ್ಕು ಬಿಡುವುದು. ಹಿಂದಿನ ವರ್ಷಗಳಲ್ಲಿ ಅದನ್ನು ಕೇಳಿ ಕಾಕಾ, "ಪಂಡಿತರು ಚಲೋ ಹೇಳಿದ್ರು. ಆದ್ರ ಅವರಿಗೆ ದ್ರಾಕ್ಷಿ ಇಲ್ಲ" ಎಂದು ಟೊಪ್ಪಿಗೆ ಸರಿಮಾಡಿಕೊಂಡು ಎದ್ದು ಬರುತ್ತಿದ್ದ. ಈ ಸಲ ಎದ್ದು ಬರಲಿಲ್ಲ. ಪ್ರವಚನ ಮುಗಿದ ಮೇಲೂ ಕಂಬಕ್ಕೊರಗಿ ಕೂತೇ ಇದ್ದ. ಹತ್ತು ದಿನ ಒಪ್ಪತ್ತಿನ ಊಟ ಮಾಡಿದ. ಚಹಾದಂಗಡಿಯ ಕಡೆ ತಲೆ ಹಾಕಲಿಲ್ಲ. ಪಂಡಿತರ ಪ್ರವಚನದಿಂದ ಒಬ್ಬ ಮನುಷ್ಯ ನಿಜವಾಗಿ ಬದಲಾದದ್ದನ್ನು ನಾನು ನೋಡಿದ್ದು ಅದೊಂದೇ ಸಲ. ಅದರಿಂದ ನಮಗೆಲ್ಲ ಎಷ್ಟು ತೊಂದರೆಯಾಯಿತೆಂಬುದು ಪಾಪ, ಪಂಡಿತರಿಗೆ ಇಂದಿಗೂ ಗೊತ್ತಿಲ್ಲ.

ಪರ್ವ ಮುಗಿದ ಮೇಲೆ ಕ್ಷಮಾವಣಿ. ಅಂದು ಮನೆಮನೆಗೆ ಹೋಗಿ, ಗೊತ್ತಿದ್ದೋ ಗೊತ್ತಿಲ್ಲದೆಯೋ ತಪ್ಪಾಗಿದ್ದರೆ ಕ್ಷಮಿಸಿ ಎಂದು ಒಬ್ಬರಿಗೊಬ್ಬರು ಕೈಮುಗಿಯುತ್ತೇವೆ. ಎಲ್ಲರೂ ಒಟ್ಟಾರೆಯಾಗಿ ಕೇಳುತ್ತಾರೆ, ಬಿಡಿಸಿ ಯಾರೂ ಹೇಳುವುದಿಲ್ಲ. ಅದೇ ಆ ಪದ್ಧತಿಯ ಸೊಗಸು. ಕಾಕಾ ಮುಂಜಾನೆ ನನ್ನ ಮನೆಗೆ ಬಂದು, ಕುರ್ಚಿ ಕೊಟ್ಟರೂ ಕೂರದೆ, ನನಗಿಂತ ಹದಿನೈದು ವರ್ಷ ದೊಡ್ಡವನು, ಕೈಮುಗಿದ.

"ತಮ್ಮಾ, ಕ್ಷಮಾ ಮಾಡು. ಆ ತಾರೀಖು ನನಗ ಗೊತ್ತಿರತಿರಲಿಲ್ಲ."

"ಯಾವ ತಾರೀಖು ಕಾಕಾ?"

"ಎಲ್ಲಾವೂ. ನಾ ಚಾಟಣಿ ಆಳುಗಳ ಗ್ಯಾಂಗಿನ ಮುಕಾದಮಗ ಫೋನ್ ಮಾಡಿ, ಯಾವತ್ತ ಬಿಡುವೈತೋ ಅಂತ ಕೇಳತಿದ್ನಿ. ಅಂವ ಅಂದ ದಿನಾನ ಅಂಗಡ್ಯಾಗ ಹೇಳತಿದ್ನಿ. ನೀವೆಲ್ಲಾ ಕತ್ತರಿ ಹಚ್ಚತಿದ್ರಿ."

"ಮತ್ತ ಸಾಹೇಬರಿಗೆ ಮಳಿ ಬರೂದಿಲ್ಲ ಅಂದಿದ್ದು?"

"ಅಂದೆ. ಅಂದು ಮನೀಗೆ ಬಂದು ನಡುಗಿಕೋತ ಕುಂತೆ."

ಅವನು ಹೋದ ಮೇಲೆ ಹೆಂಡತಿ ನೀರಿನ ತಂಬಿಗೆ ತಂದಿಟ್ಟಳು. ಒಳಗಿನಿಂದ ಎಲ್ಲ ಕೇಳಿಸಿಕೊಂಡಿದ್ದಳು.

"ಅಲ್ರಿ, ಹಂಗಾದ್ರ ಈ ಸಲ ತಾರೀಖು ಯಾರ ಹೇಳಾವ್ರು?"

ನಾನು ಇಡೀ ತಂಬಿಗೆ ಕುಡಿದೆ. ಒಂದು ವರ್ಷ ಆಗಲೇ ಹೋಗಿದೆ. ಇನ್ನೊಂದು ಹೋದರೆ ಬಳ್ಳಿ ಕಿತ್ತು ಕಬ್ಬು ಹಚ್ಚಬೇಕು, ತಂದೆ ನೆಟ್ಟ ತೋಟ ಇರುವುದಿಲ್ಲ. ಸೊಕ್ಕಿನ ಮನುಷ್ಯನೊಬ್ಬ ವಿನಯವಂತನಾಗುವುದಕ್ಕಿಂತ ಹೆಚ್ಚು ಹೆದರಿಕೆಯ ಸಂಗತಿ ಜಗತ್ತಿನಲ್ಲಿ ಇನ್ನೊಂದಿಲ್ಲ ಎಂದು ಆಗ ನನಗೆ ಅನಿಸಿತು. ಈಗಲೂ ಅನಿಸುತ್ತದೆ.

ಮೂರು ದಿನ ಆಕಾಶ ನೋಡಿದೆ. ಮೊಬೈಲಿನಲ್ಲಿ ಮೂರು ಬಗೆಯ ಹವಾಮಾನ ನೋಡಿದೆ. ಮೂರೂ ಮೂರು ಹೇಳಿದವು. ಕೊನೆಗೆ ಕಾಕಾನ ದಾರಿಯನ್ನೇ ಹಿಡಿದು ಮುಕಾದಮನಿಗೆ ಫೋನ್ ಮಾಡಿ, ಯಾವತ್ತು ಬಿಡುವಿದೆ ಎಂದು ಕೇಳಿದೆ.

"ನಂದೇನ್ರಿ ಸರ್, ಕಾಕಾ ಹೇಳೂತನಕಾ ಎಲ್ಲಾ ದಿನಾನೂ ಖಾಲಿ ಇಡತೀನಿ. ಅವರು ಕೇಳಿದ ಕೂಡ್ಲೆ ಬಾಯಿಗೆ ಬಂದದ್ದೊಂದು ಹೇಳತೀನಿ. ಅವರು ಹೂಂ ಅಂತಾರ. ಅವರ ಹೂಂ ಬಂತಂದ್ರ ಪಕ್ಕಾ."

"ಹಂಗಾದ್ರ ನನಗೂ ಬಾಯಿಗೆ ಬಂದದ್ದೊಂದು ಹೇಳಪಾ. ನಾನೂ ಹೂಂ ಅಂತೀನಿ."



"ಸರ್, ಸಿಟ್ಟಾಗಬ್ಯಾಡ್ರಿ. ನಿಮ್ಮ ಹೂಂ ತಗೊಂಡು ನಾ ಏನ್ ಮಾಡ್ಲಿ?"

ನ್ಯಾಯವಾದ ಪ್ರಶ್ನೆ. ಎದುರಿಗೆ ಗೋಡೆಯ ಮೇಲೆ ಕ್ಯಾಲೆಂಡರಿತ್ತು. ಫ್ಯಾನಿನ ಗಾಳಿಗೆ ಹಾಳೆ ಎದ್ದು ಬೀಳುತ್ತಿತ್ತು. ಭಯ ಹೆಚ್ಚಾದಾಗ ಕೆಲವರ ದನಿ ಅಡಗುತ್ತದೆ. ತರಗತಿಯಲ್ಲಿ ಮೂವತ್ತು ವರ್ಷ ಕಳೆದ ನನ್ನಂಥವರ ದನಿ ಏರುತ್ತದೆ.

"ಅಕ್ಟೋಬರ್ ಎಂಟು. ಬರೂದಾದ್ರ ಬಾ, ಇಲ್ಲಂದ್ರ ಬ್ಯಾರೆ ಗ್ಯಾಂಗ್ ಐತಿ."

"ಬರತೀನ್ರಿ ಸರ್" ಎಂದ ಮುಕಾದಮ, ಮರುಮಾತಿಲ್ಲದೆ.

ಹೆಂಡತಿ ಅಡಿಗೆಮನೆಯ ಬಾಗಿಲಿಗೆ ಬಂದು ನನ್ನನ್ನು ಮೇಲಿನಿಂದ ಕೆಳಗೆ ನೋಡಿ, "ಇದು ಯಾರ ದನೀರಿ?" ಎಂದಳು.

ಹೊತ್ತು ಮುಳುಗುವ ಮೊದಲು ಊಟಕ್ಕೆ ಕೂತಾಗ ಪಕ್ಕದ ತೋಟದವನು ಬಂದ. ಅವನ ಎರಡನೆಯ ಮಾತೇ, "ಅಕ್ಟೋಬರ್ ಎಂಟಂತಲ್ರಿ? ನೀವು ಓದಿದಾವ್ರು, ಲೆಕ್ಕಾ ಹಾಕೇ ಹೇಳಿರತೀರಿ. ನಾನೂ ಅವತ್ತ ಹಚ್ಚತೀನಿ."

ಕೈಯಲ್ಲಿದ್ದ ರೊಟ್ಟಿಯನ್ನು ತಾಟಿಗೆ ಇಟ್ಟೆ. ಲೆಕ್ಕ ಹಾಕಿಲ್ಲಪಾ, ಫ್ಯಾನಿನ ಗಾಳಿಗೆ ಹಾಳೆ ಎದ್ದಿತ್ತು, ಕೆಳಗೆ ಎಂಟು ಕಾಣಿಸಿತು ಎಂದು ಹೇಳಬೇಕಿತ್ತು. ಅವನ ಮುಖದಲ್ಲಿ ಒಂದು ನೆಮ್ಮದಿಯಿತ್ತು. ವಾರದಿಂದ ನಿದ್ದೆಗೆಟ್ಟವನ ಮುಖ. ನಾನು ಮಜ್ಜಿಗೆ ಕುಡಿದು, "ಹೂಂ" ಎಂದೆ.

ಎಂಟರಂದು ಹನ್ನೊಂದು ತೋಟಗಳಲ್ಲೂ ಕತ್ತರಿ ಆಡಿತು. ಎರಡು ಎಕರೆಗೆ ಆಗುವಷ್ಟು ಭಯ ನನಗೆ ರೂಢಿಯಿತ್ತು. ಈಗ ಹನ್ನೊಂದು ತೋಟಗಳದನ್ನು ಒಬ್ಬನೇ ಹೊರಬೇಕಾಯಿತು. ಕಣ್ಣು ಒಡೆದವು, ಹೆದರಿದೆ. ಎಲೆ ಬಂತು, ಹೆದರಿದೆ. ಗೊಂಚಲು ತಲೆ ಎತ್ತಿದಾಗ ಜನ ನನಗೆ ದೂರದಿಂದ ಕೈ ಎತ್ತಿ ನಮಸ್ಕಾರ ಹೇಳತೊಡಗಿದರು. ಅದಕ್ಕೆ ಎಲ್ಲಕ್ಕಿಂತ ಹೆಚ್ಚು ಹೆದರಿದೆ.

ಮೂವತ್ತೊಂಬತ್ತನೆಯ ದಿನ, ಹೂವು ಅರ್ಧ ಅರಳಿದ್ದಾಗ, ಕೃಷ್ಣೆಯ ಕಡೆಯಿಂದ ಮೋಡ ಎದ್ದಿತು. ಮಧ್ಯಾಹ್ನ ಮೂರಕ್ಕೇ ತೋಟ ಕತ್ತಲಾಯಿತು. ಛತ್ರಿ ತೆಗೆದುಕೊಂಡು ಓಡಿದೆ. ಛತ್ರಿ ಬಳ್ಳಿಗಳಿಗೆ ಏನು ಉಪಕಾರ ಮಾಡುತ್ತದೆಂದು ಕೇಳಬೇಡಿ. ಕೈಯಲ್ಲಿ ಏನಾದರೂ ಬೇಕಿತ್ತು. ತೋಟದ ತುದಿಯಲ್ಲಿ ಕಾಕಾ ಆಗಲೇ ಬಂದು ನಿಂತಿದ್ದ. ಅಕ್ಕಪಕ್ಕದ ಬದುಗಳ ಮೇಲೂ ಜನ ನಿಂತಿದ್ದರು. ಅವರು ಮೋಡ ನೋಡುತ್ತಿರಲಿಲ್ಲ. ನನ್ನನ್ನು ನೋಡುತ್ತಿದ್ದರು.

"ಛತ್ರಿ ತಂದಿಯೇನು?" ಕಾಕಾ ಮೆಲ್ಲಗೆ ಕೇಳಿದ.

"ತಂದೇನಿ."

"ಬಳ್ಳಿ ಬುಡಕ್ಕ ಒಗಿ. ಮಂದಿ ನೋಡಾಕತ್ತಾರ."

ಒಗೆದೆ. ಒಂದು ಹನಿ ಟೊಪ್ಪಿಗೆಯ ಮೇಲೆ ಬಿತ್ತು. ಇನ್ನೊಂದು ಮೂಗಿನ ಮೇಲೆ. ಕಾಕಾ ಕೈ ಹಿಂದೆ ಕಟ್ಟಿಕೊಂಡು ಎದೆ ಮುಂದೆ ಮಾಡಿ ನಿಂತ. ನಾನೂ ಹಾಗೆಯೇ ನಿಂತೆ.

"ಕಾಕಾ, ಏನ ಮಾಡೂದು?"

"ಏನೂ ಇಲ್ಲ. ಹಿಂಗ ನಿಂದರೂದು. ನಾ ಅವತ್ತ ನಿನಗ ಹೇಳಿದ್ದ ತಪ್ಪಾತು ತಮ್ಮಾ. ಕ್ಷಮಾ ಕೇಳಾಕ ಹೋಗಿ ನನ್ನ ಹೊರಿ ನಿನ್ನ ಹೆಗಲಿಗೆ ದಾಟಿಸಿದೆ."

ಹನಿಗಳು ಕಾಲು ತಾಸು ಬಿದ್ದವು. ಆಮೇಲೆ ಗಾಳಿ ತಿರುಗಿ ಮೋಡ ಉಗಾರದ ಕಡೆ ಹೋಯಿತು. ಅಲ್ಲಿಯವರು ಯಾರ ತಾರೀಖು ನಂಬಿದ್ದರೋ. ಇಳಿಜಾರಿನ ನಾಲ್ಕು ಸಾಲುಗಳಲ್ಲಿ ಗೊಂಚಲು ಉದುರಿತು, ಉಳಿದದ್ದೆಲ್ಲ ನಿಂತಿತು. ಬದುಗಳ ಮೇಲಿದ್ದವರು ಮಳೆಯನ್ನು ನಾನೇ ಗದರಿಸಿ ಕಳಿಸಿದೆನೆಂಬಂತೆ ತಲೆದೂಗುತ್ತ ಮನೆಗೆ ಹೋದರು. ನಾನು ಕಾಕಾನ ತೋಳು ಹಿಡಿದುಕೊಂಡು ಮನೆ ಸೇರಿದೆ.

ಈ ವರ್ಷದ ಕ್ಷಮಾವಣಿಗೆ ನಾನೊಂದು ನಿರ್ಧಾರ ಮಾಡಿದ್ದೆ. ಕ್ಯಾಲೆಂಡರಿನ ವಿಷಯವನ್ನು ಬಿಡಿಸಿ ಹೇಳಿ ಎಲ್ಲರ ಕ್ಷಮೆ ಕೇಳುವುದು. ಧೋತರ ಉಟ್ಟು, ಮಾತು ಜೋಡಿಸಿಕೊಂಡು ಬಸ್ತಿಗೆ ಹೋದೆ. ಕಟ್ಟೆಯ ಮೇಲೆ ಕಾಕಾ ಕೂತಿದ್ದ. ಪಕ್ಕದ ತೋಟದವನು ಎದುರಿಗೆ ಬಂದು ಕೈಮುಗಿದ.

"ಉತ್ತಮ ಕ್ಷಮಾ ಸರ್. ವರ್ಷದಾಗ ಏನಾರ ತಪ್ಪಾಗಿದ್ರ ಹೊಟ್ಟ್ಯಾಗ ಹಾಕ್ಕೋರಿ."

"ಉತ್ತಮ ಕ್ಷಮಾ. ನಂದೂ ಒಂದು ತಪ್ಪು…"

"ಅದಿರಲಿ ಬಿಡ್ರಿ. ಈ ಸಲ ಯಾವತ್ತರಿ?"

ಅವನ ಹಿಂದೆ ಇನ್ನೂ ನಾಲ್ಕು ಜನ ನಿಂತಿದ್ದರು, ಕೈಮುಗಿದುಕೊಂಡೇ. ನಾನು ಕಾಕಾನ ಕಡೆ ನೋಡಿದೆ. ಅವನು ಬಸ್ತಿಯ ಶಿಖರ ನೋಡುತ್ತಿದ್ದ.

"ಅಕ್ಟೋಬರ್ ಐದು" ಎಂದೆ.

"ಪಕ್ಕಾ?"

"ಪಕ್ಕಾ ಅಂದ್ನೆಲ್ಲೋ."

ಮೊಣಕಾಲು ಗಡಗಡ ನಡುಗುತ್ತಿದ್ದವು. ಧೋತರ ಉಟ್ಟಿದ್ದರಿಂದ ಯಾರಿಗೂ ಕಾಣಿಸಲಿಲ್ಲ.