ತೊಟ್ಟಿಗೆ ಬಿದ್ದ ಚರಗ

ಕಮಲಾಪುರದಲ್ಲಿ ಸುತ್ತಮುತ್ತಲಿನವರೆಲ್ಲ ಕೆಂಪು ಬಾಳೆ ಬೆಳೆಯುತ್ತಿದ್ದರು. ನಾವು ಕೊಂಡ ತುಂಡು ಜಾಗದಲ್ಲಿ ಮಾತ್ರ ಹಾರೆ ಹಾಕಿದರೆ ಠಣ್ ಎನ್ನುತ್ತಿತ್ತು. ಬರೀ ಗರಸು, ಕೆಳಗೆ ಬಂಡೆ. ಅಂಥ ಜಾಗ ಕೊಂಡದ್ದಕ್ಕೆ ನೆಂಟರು ನಕ್ಕಿದ್ದರು. ನನ್ನ ಗಂಡ ಕಲಬುರಗಿಯ ಕಾಲೇಜೊಂದರ ಲ್ಯಾಬಿನಲ್ಲಿ ಕೆಲಸಕ್ಕಿದ್ದವರು. ಪುಣೆಯ ಕಡೆ ಎಲ್ಲೋ ನೋಡಿ ಬಂದು, ಮಣ್ಣೇ ಬೇಡ, ನೀರಿನಲ್ಲೇ ತರಕಾರಿ ಬೆಳೆಯುತ್ತೇನೆ ಎಂದು ಹಟ ಹಿಡಿದಿದ್ದರು. ಹಸಿರು ಪರದೆಯ ಶೆಡ್ಡು, ಅದರೊಳಗೆ ಉದ್ದಕ್ಕೆ ಬಿಳಿ ಪೈಪು, ಪೈಪಿನ ತೂತುಗಳಲ್ಲಿ ಸಸಿ. ಒಂದು ತೊಟ್ಟಿಯಲ್ಲಿ ಗೊಬ್ಬರದ ಉಪ್ಪುಗಳನ್ನು ಕರಗಿಸಿಟ್ಟರೆ ಮೋಟರು ಆ ನೀರನ್ನು ಪೈಪುಗಳಲ್ಲಿ ಹರಿಸಿ ಮತ್ತೆ ತೊಟ್ಟಿಗೇ ತಂದು ಬಿಡುತ್ತಿತ್ತು. ಹೈಡ್ರೋಪೋನಿಕ್ಸ್ ಎನ್ನುವ ಮಾತು ಆಗ ನಮ್ಮ ಕಡೆ ಯಾರ ಬಾಯಿಗೂ ಹೊಂದುತ್ತಿರಲಿಲ್ಲ. ಊರಿನವರು ಪೈಪಿನ ತೋಟ ಎನ್ನುತ್ತಿದ್ದರು.

ಆ ಬೇಸಿಗೆಯಲ್ಲಿ ನನ್ನ ಕೂಸು ಹೊಟ್ಟೆಯಲ್ಲೇ ಸತ್ತಿತು. ಹಸಿರು ಬಳೆ ತೊಡಿಸಿ, ಬಸುರಿಗೆ ಮಾಡುವ ಕುಬಸ ಮಾಡಿ ಇನ್ನೂ ಬಹಳ ದಿನವಾಗಿರಲಿಲ್ಲ. ಸೇಡಂ ರಸ್ತೆಯ ಆಸ್ಪತ್ರೆಯಲ್ಲಿ ನನಗೆ ಎಚ್ಚರವಾಗುವಷ್ಟರಲ್ಲಿ ಎಲ್ಲ ಮುಗಿಸಿ ಬಂದಿದ್ದರು. ಹೆಣ್ಣು ಎಂದು ಒಬ್ಬ ನರ್ಸ್ ಹೇಳಿದಳು. ಮುಖ ನೋಡಿದರೆ ಮನಸ್ಸಿಗೆ ಹತ್ತಿಕೊಳ್ಳುತ್ತದೆ ಎಂದು ಹಿರಿಯರು ನನಗೆ ತೋರಿಸಲಿಲ್ಲ. ಎಲ್ಲಿ ಮಣ್ಣು ಮಾಡಿದರೆಂದು ನಾನು ಕೇಳಲಿಲ್ಲ, ಅವರೂ ಹೇಳಲಿಲ್ಲ. ನನಗೆ ಅಳು ಬರಲಿಲ್ಲ. ಬರಲೇಬೇಕೆಂದು ಕಾಯುತ್ತಿದ್ದವರಿಗೆ ನಿರಾಸೆಯಾದಂತೆ ಕಾಣುತ್ತಿತ್ತು. ಡಾಕ್ಟರು ಗುಳಿಗೆ ಬರೆದುಕೊಟ್ಟರು. ಆಮೇಲೆ ಮನೆಯಲ್ಲಿ ಯಾರೇ ಎದುರಾದರೂ ಕೇಳುವುದು ಒಂದೇ ಮಾತು, ಗುಳಿಗೆ ತಗೊಂಡೆಯಾ.

ಮಳೆಗಾಲ ಮುಗಿದ ಮೇಲೆ ನಾನು ದಿನಾ ಕಲಬುರಗಿಯ ಮನೆಯಿಂದ ಹುಮನಾಬಾದ್ ಕಡೆಯ ಬಸ್ಸು ಹತ್ತಿ ಕಮಲಾಪುರದ ಶೆಡ್ಡಿಗೆ ಹೋಗತೊಡಗಿದೆ. ಅಲ್ಲಿ ಯಾರೂ ನನ್ನ ಮುಖ ನೋಡಿ ಲೊಚಗುಟ್ಟುತ್ತಿರಲಿಲ್ಲ. ನೀರು ಅಳೆ, ಉಪ್ಪು ತೂಗು, ಕರಗಿಸು, ಮೋಟರು ಹಾಕು. ಕಳೆ ಕೀಳುವುದಿಲ್ಲ, ಅಗೆಯುವುದಿಲ್ಲ, ಕೈಗೆ ಮಣ್ಣು ಮೆತ್ತುವುದಿಲ್ಲ. ಅದೇ ನನಗೆ ಹಿತವಾಗಿತ್ತು. ಚಳಿ ಬಿದ್ದಾಗ ಪಾಲಕ್ ಬಂತು, ಕೊತ್ತಂಬರಿ ಬಂತು. ಸಲಾಡಿಗೆ ಹಾಕುವ ಎಲೆಯನ್ನು ಕಲಬುರಗಿಯ ದೊಡ್ಡ ಹೋಟೆಲಿನವರು ಪ್ರತಿ ವಾರ ಒಯ್ಯುತ್ತೇವೆ ಎಂದಿದ್ದರು, ಮೊದಲ ಸಲದ್ದು ನೋಡಿದ ಮೇಲೆ. ಹಿಂದಿನ ಎರಡು ಬೆಳೆ ಕೆಟ್ಟಿದ್ದವು. ಇದೂ ಕೆಟ್ಟರೆ ಶೆಡ್ಡು ಮುಚ್ಚಿಬಿಡೋಣ ಎಂದು ಗಂಡ ಹೇಳಿದ್ದರು. ಮುಚ್ಚಿದರೆ ನಾನು ಮತ್ತೆ ಆ ಮನೆಯಲ್ಲಿ, ಆ ಮುಖಗಳ ನಡುವೆ ಕೂರಬೇಕಿತ್ತು. ನನಗೆ ಆ ಎಲೆಗಳಷ್ಟೇ ಬೇಕಾಗಿದ್ದವು.

ಎಲೆ ಕೊಯ್ಯಲು ಬಂದ ಹೊತ್ತಿಗೇ ಎಳ್ಳಮಾವಾಸ್ಯೆ ಬಂತು. ನಮ್ಮ ಕಡೆ ಆ ದಿನ ಯಾರೂ ಮನೆಯಲ್ಲಿ ಉಣ್ಣುವುದಿಲ್ಲ. ಜೋಳ ಎದೆಯುದ್ದ ನಿಂತಿರುತ್ತದೆ. ಭೂಮಿತಾಯಿ ಬಸುರಿ, ಅವಳ ಬಯಕೆ ತೀರಿಸಬೇಕು ಎಂದು ಸಜ್ಜೆ ರೊಟ್ಟಿ, ಭಜ್ಜಿ, ಕಡಬು, ಅಂಬಲಿ ಹೊತ್ತು ಹೊಲಕ್ಕೆ ಹೋಗಿ ಎಲ್ಲ ಕಡೆ ಒಂದೊಂದು ತುತ್ತು ಚೆಲ್ಲುತ್ತಾರೆ. ಅದೇ ಚರಗ. ಅತ್ತೆ ಮದುವೆಯಾಗಿ ಬಂದಾಗಿನಿಂದ ಕುಸನೂರಿನ ನಮ್ಮ ಹೊಲದಲ್ಲಿ ಚರಗ ಚೆಲ್ಲಿದವರು. ಆ ಹೊಲ ಪ್ಲಾಟಿನವರಿಗೆ ಹೋಗಿ ಎರಡು ವರ್ಷವಾಗಿದ್ದರೂ ಖಾಲಿಯೇ ಬಿದ್ದಿತ್ತು.

ಆ ಸಲ ಬಯಕೆಯ ಅಡಿಗೆಯ ವಾಸನೆ ಬರುತ್ತಲೇ ನಾನು ಎದ್ದು ಹೊರಗೆ ಹೋಗಿ ಕುಳಿತೆ. ಅತ್ತೆ ಬೆಳಿಗ್ಗೆ ಒಬ್ಬರೇ ಬುಟ್ಟಿ ಹೊತ್ತು ಎಲ್ಲಿಗೋ ಹೋದರು. ಸ್ವಲ್ಪ ಹೊತ್ತಿಗೆ ಹೊತ್ತ ಬುಟ್ಟಿಯನ್ನು ಹಾಗೇ ಹೊತ್ತು ಬಂದು, ನಡಿ ಕಮಲಾಪುರಕ್ಕೆ ಹೋಗೋಣ ಎಂದರು. ನಾನು ಕಾರಣ ಕೇಳಲಿಲ್ಲ. ಆ ದಿನಗಳಲ್ಲಿ ನಾನು ಯಾವುದಕ್ಕೂ ಕಾರಣ ಕೇಳುತ್ತಿರಲಿಲ್ಲ. ಅಲ್ಲಿ ನಾನು ಹೊರಗಿನ ಕಲ್ಲಿನ ಮೇಲೆ ಕುಳಿತೆ, ಅವರು ಒಳಗೆ ಹೋದರು. ಪೈಪಿಗೆ ಕುಂಕುಮ ಹಚ್ಚುತ್ತಿರಬೇಕು ಎಂದುಕೊಂಡೆ.

ಮರುದಿನ ನನ್ನ ಗಂಡ ಹೋಗಿ ನೋಡಿದರೆ ಮೋಟರು ಕಟ್ಟಿಕೊಂಡು ನಿಂತಿತ್ತು. ನಾನು ಅತ್ತೆಯೊಂದಿಗೆ ಮಧ್ಯಾಹ್ನ ಮುಟ್ಟಿದಾಗ ಶೆಡ್ಡಿನೊಳಗೆ ಹುಳಿ ವಾಸನೆ. ತೊಟ್ಟಿಯ ತುಂಬ ಕಡಬಿನ ಚೂರು, ಮೇಲೆ ಅಂಬಲಿಯ ನೊರೆ. ಸಲಾಡಿನ ಎಲೆಗಳೆಲ್ಲ ಪೈಪಿನ ಮೇಲೆ ಒದ್ದೆ ಬಟ್ಟೆಯಂತೆ ಜೋತುಬಿದ್ದಿದ್ದವು. ಗಂಡ ಮೋಟರು ಬಿಚ್ಚಿಕೊಂಡು ಕುಳಿತಿದ್ದರು.

ನನಗೆ ಸಿಟ್ಟು ಬಂತು. ಎಷ್ಟೋ ತಿಂಗಳ ಮೇಲೆ ನನಗೆ ಬಂದದ್ದೆಂದರೆ ಅದೊಂದೇ. ಹಿರಿಯರು ಎನ್ನದೆ ಬಾಯಿಗೆ ಬಂದಂತೆ ಅಂದೆ. ಒಂದು ಬೆಳೆ ಉಳಿಸಿಕೊಂಡಿದ್ದೆ, ಅದನ್ನೂ ಕೊಂದಿರಿ ಎಂದೂ ಅಂದೆ. ಅತ್ತೆ ಸೆರಗಿನಿಂದ ತೊಟ್ಟಿಯ ಅಂಚು ಒರೆಸುತ್ತ ನಿಂತರು.

“ನೀವಿಬ್ಬರೂ ದಿನಾ ಇದಕ್ಕ ಔಷಧ ಹಾಕ್ತೀರಿ,” ಎಂದರು ಆಮೇಲೆ. “ಒಂದ್ ತುತ್ತು ಊಟ ಯಾರರ ಹಾಕೀರೇನು?”

ಅವರು ನನ್ನ ಕಡೆ ನೋಡದೆ ಮುಂದುವರಿಸಿದರು.

“ನಿನ್ನಿ ಮುಂಜಾನಿ ಕುಸನೂರಿಗಿ ಹೋಗಿದ್ದೆ. ಹೊಲದ ಸುತ್ತ ಗೋಡಿ ಕಟ್ಯಾರ, ಒಳಗ ಬಿಡಲಿಲ್ಲ. ಕೂಸಿಗಿ ಅಂತ ಒಯ್ದದ್ದು ಮನಿಗಿ ಹ್ಯಾಂಗ ತರಲಿ? ನಮ್ಮದು ಅಂತ ಹೊಲ ಉಳದದ್ದು ಇದೊಂದಽ.”

ಕೂಸು ಅಲ್ಲಿದೆಯೇ ಎಂದು ಕೇಳಿದೆ. ಒಡ್ಡಿನ ಮೇಲಿನ ಬೇವಿನ ಗಿಡದ ಬುಡದಲ್ಲಿ ಎಂದರು. ಗಂಡಸರು ಬೇಡವೆಂದರೂ ಕೇಳದೆ ತಾವೇ ಉಡಿಯಲ್ಲಿ ಇಟ್ಟುಕೊಂಡು ಹೋಗಿದ್ದರಂತೆ. ಗಂಡ ತಲೆ ಎತ್ತಲಿಲ್ಲ. ಅವರಿಗೆ ಎಲ್ಲ ಗೊತ್ತಿತ್ತು.

“ಹ್ಯಾಂಗ ಇತ್ರೀ ಅತ್ತೀ, ಕೂಸು?”

“ತಲಿ ತುಂಬ ಕೂದಲ ಇದ್ವು. ಹಣಿ ನಿನ್ನಂಗಽ ಇತ್ತು, ಅಗಲ.”

ನಾನು ಆ ಒದ್ದೆ ನೆಲದಲ್ಲೇ ಕುಳಿತು ಅತ್ತುಬಿಟ್ಟೆ. ಯಾರೂ ಸಮಾಧಾನ ಮಾಡಲಿಲ್ಲ. ಸಂಜೆಯವರೆಗೆ ಮೂವರೂ ಸೇರಿ ಕೊಳೆತ ಬೇರು ಕಿತ್ತು, ತೊಟ್ಟಿ ಖಾಲಿ ಮಾಡಿ, ಪೈಪು ತೊಳೆದೆವು. ಹೋಟೆಲಿನವರು ಮತ್ತೆ ಕೇಳಲಿಲ್ಲ. ಶೆಡ್ಡು ಮುಚ್ಚುವ ಮಾತನ್ನು ಗಂಡ ಎತ್ತಲಿಲ್ಲ, ಮರುವಾರ ಪಾಲಕ್ ಬೀಜ ತಂದರು. ಅದಾದ ಮೇಲೆಯೂ ನಾನು ಬಹಳ ದಿನ ಮೊದಲಿನಂತೆಯೇ ಇದ್ದೆ. ಒಂದು ಹಗಲು ಅತ್ತರೆ ಎಲ್ಲ ಸರಿಹೋಗುತ್ತದೆ ಎನ್ನುವವರ ಮಾತು ನನಗೆ ಹಿಡಿಸುವುದಿಲ್ಲ.

ಮುಂದಿನ ಎಳ್ಳಮಾವಾಸ್ಯೆಗೆ ನಾನೂ ಅತ್ತೆಯ ಜೊತೆ ಕುಸನೂರಿಗೆ ಹೋದೆ. ಗೋಡೆ ನನ್ನ ತಲೆಗಿಂತ ಎತ್ತರವಿತ್ತು, ಬೇವಿನ ತುದಿಯಷ್ಟೇ ಕಾಣುತ್ತಿತ್ತು. ಅತ್ತೆ ಕಡಬು ಮುರಿದು ನನ್ನ ಕೈಗೆ ಕೊಟ್ಟರು. ಗೋಡೆಯಾಚೆಗೆ ಎಸೆದೆ. ಒಳಗಿನಿಂದ ಯಾರೋ ಕಾವಲಿನವನು ಯಾರದು ಎಂದು ಗದರಿದ. ನಾನು ಹಿಂದೆ ಸರಿದೆ.

“ಇನ್ನೊಂದ್ ತುತ್ತು ಹಾಕು,” ಎಂದರು ಅತ್ತೆ. “ಒಂದ್ರಾಗ ಅದರ ಹೊಟ್ಟಿ ತುಂಬಂಗಿಲ್ಲ.”

ಹಾಕಿದೆ.