ದೋಣಿಯಿಂದ ತೆಗೆದ ಊರು

ಅಸ್ಫಾಕನನ್ನು ಅರ್ಧ ತಾಸು ಒಂದೇ ಕಡೆ ಕೂರಿಸಿ ತೋರಿಸಿದವರಿಗೆ ನಾನು ಹೋಳಿಗೆ ಊಟ ಹಾಕಿಸುತ್ತೇನೆ. ಅವನ ಫೋಟೋ ಸ್ಟುಡಿಯೋದ ಪಕ್ಕದಲ್ಲೇ ನನ್ನ ಝೆರಾಕ್ಸ್ ಅಂಗಡಿ. ಇಪ್ಪತ್ತು ವರ್ಷದಿಂದ ನೋಡುತ್ತಿದ್ದೇನೆ. ಪಾಸ್‌ಪೋರ್ಟ್ ಫೋಟೋಕ್ಕೆ ಬಂದವರನ್ನು ನೀಲಿ ಪರದೆಯ ಮುಂದೆ ಕೂರಿಸಿ, "ಒಂದ ಮಿನಿಟ್ ರೀ" ಎಂದು ಕ್ಯಾಮರಾ ಹೆಗಲಿಗೇರಿಸಿ ಹೊಳೆಯ ಕಡೆ ಓಡುವ ಮನುಷ್ಯ ಇವನು. ದರ್ಗಾದ ಗುಮ್ಮಟದ ಮೇಲೆ ಬಿಸಿಲು ಬಿದ್ದಿರುತ್ತದಂತೆ! ಗಿರಾಕಿ ತಲೆ ಬಾಚಿಕೊಂಡು ಕೂತಿರುತ್ತಾನೆ. ಬೈಗುಳ ತಿನ್ನುವ ಕೆಲಸ ನನ್ನದು.

ರಾಯಬಾಗ ತಾಲೂಕಿನಲ್ಲಿ ಕೃಷ್ಣೆಯ ದಂಡೆಗೆ ಅಂಟಿಕೊಂಡ ಹಳೆಯ ಊರು ನಮ್ಮದು. ಘಾಟಿನ ಕಲ್ಲುಮೆಟ್ಟಿಲು, ದೇಸಾಯರ ವಾಡೆ, ದರ್ಗಾ, ಊರ ಹೆಬ್ಬಾಗಿಲಾದ ಅಗಸಿ ಎಲ್ಲವೂ ನೀರಿಗೆ ಮುಖ ಮಾಡಿ ನಿಂತಿದ್ದವು. 2005ರ ಮಹಾಪೂರದಲ್ಲಿ ವಾಡೆಯ ಒಂದು ಗೋಡೆ ಕುಸಿದಾಗ ಅಸ್ಫಾಕನಿಗೆ ತಲೆ ಕೆಟ್ಟಿತು. ಉಳಿದದ್ದನ್ನಾದರೂ ಫೋಟೋದಲ್ಲಿ ಹಿಡಿದಿಡಬೇಕು ಎಂದು ಹಟಕ್ಕೆ ಬಿದ್ದ. ಅಂದಿನಿಂದ ಪ್ರತಿ ವರ್ಷ ದೀಪಾವಳಿ ಆದಮೇಲೆ, ನೀರು ತಿಳಿಯಾದಾಗ, ನಡುಹೊಳೆಯ ಒಂದೇ ಜಾಗದಿಂದ ಇಡೀ ಊರಿನ ಫೋಟೋ. ಅವನ್ನು ಸಾಲಾಗಿ ಇಟ್ಟು ನೋಡಿದರೆ ರಸ್ತೆ ಅಗಲ ಮಾಡುವಾಗ ಅಗಸಿ ಮಾಯವಾದದ್ದು, ಗುಮ್ಮಟದ ಹಿಂದೆ ಮೊಬೈಲ್ ಟವರ್ ಎದ್ದದ್ದು, ಮೆಟ್ಟಿಲಿನ ಮೇಲೆ ಸಿಮೆಂಟು ಬಿದ್ದದ್ದು ಎಲ್ಲ ಕಾಣುತ್ತದೆ. ಅಗಸಿ ಕೆಡವಿದಾಗ ಎರಡು ದಿನ ಊಟ ಬಿಟ್ಟಿದ್ದ. "ಕಲ್ಲಿಗೆ ಅಳ್ತಾರ್ರಿ ಇವ್ರು" ಎಂದು ಅವನ ಹೆಂಡತಿ ಫಿರದೋಸ ನನ್ನ ಹತ್ತಿರ ದೂರಿದ್ದಳು.

ನಡುಹೊಳೆಗೆ ಅವನನ್ನು ಒಯ್ಯುತ್ತಿದ್ದವನು ಅಂಬಿಗರ ಸತ್ತೆಪ್ಪ. ಸೇತುವೆಯಾದ ಮೇಲೆ ದೋಣಿ ಹತ್ತುವವರೇ ಇರಲಿಲ್ಲ. ಆದರೂ ಹತ್ತೊಂಬತ್ತು ವರ್ಷ ತಪ್ಪದೆ, ಆ ಒಂದು ದಿನ ಅಸ್ಫಾಕನಿಗಾಗಿ ದೋಣಿ ನೀರಿಗಿಳಿಸಿದ. ಹೋದ ವರ್ಷ ದೀಪಾವಳಿಗೆ ಮುಂಚೆಯೇ ಎದೆನೋವು ಬಂದು ತೀರಿಕೊಂಡ. ಆ ಸಲ ಅಸ್ಫಾಕ ಸೇತುವೆಯ ಮೇಲಿಂದ ಫೋಟೋ ತೆಗೆದು, ಜಾಗ ಹೊಂದಲಿಲ್ಲ ಎಂದು ವಾರವಿಡೀ ಗೊಣಗಿದ. ಸತ್ತೆಪ್ಪನ ಬಗ್ಗೆ ಅವನೂ ಮಾತಾಡಲಿಲ್ಲ, ನಾನೂ ಮಾತಾಡಲಿಲ್ಲ.

ಈ ಸಲ ದೀಪಾವಳಿ ಹತ್ತಿರ ಬಂದಾಗ ಸತ್ತೆಪ್ಪನ ಹೆಂಡತಿ ಶೇವಂತಾ ಸ್ಟುಡಿಯೋಕ್ಕೆ ಬಂದಳು. ನಾನು ಅಲ್ಲೇ ಚಹಾ ಕುಡಿಯುತ್ತಿದ್ದೆ.

"ಬರೂ ಸೋಮವಾರ ವರ್ಷದ ಪೂಜಿ ಐತ್ರಿ. ಹಾರ ಹಾಕಾಕ ಅವ್ರದೊಂದ ಫೋಟೋ ಬೇಕು" ಎಂದಳು. ಮದುವೆಯ ಫೋಟೋ 2019ರ ಮಹಾಪೂರದಲ್ಲಿ ಹೊಳೆಯ ಪಾಲಾಗಿತ್ತು. ಉಳಿದದ್ದು ಅವಳು ತಂದಿದ್ದ ಆಧಾರ್ ಕಾರ್ಡಿನದೊಂದೇ. ಅದರಲ್ಲಿ ಸತ್ತೆಪ್ಪ ಪೊಲೀಸರು ಹಿಡಿದು ತಂದವನ ಹಾಗೆ ಕಾಣುತ್ತಿದ್ದ.

"ನಿಮ್ಮ ಕಡೆ ಭಾಳ ಅದಾವಲ್ರಿ. ಅಸ್ಫಾಕಭಾಯಿ ಫೋಟೋ ತಗೀತಾರ ಅಂತ ಪ್ರತಿ ವರ್ಷ ಇಸ್ತ್ರಿ ಅಂಗಿ ಹಾಕ್ಕೊಂಡ ಬರ್ತಿದ್ರು."

"ಅದಾವ ವೈನಿ, ಇಲ್ದ ಎಲ್ಲಿ ಹೋಗ್ತಾವ? ದೊಡ್ಡದ ಮಾಡಿ, ಫ್ರೇಮ್ ಹಾಕಿಸಿ ನಾನಽ ತಂದ ಕೊಡ್ತೀನಿ" ಎಂದುಬಿಟ್ಟ, ಅವಳನ್ನು ಅತ್ತಿಗೆಯೆಂದೇ ಕರೆಯುವ ಅಸ್ಫಾಕ.

ಅವತ್ತಿನಿಂದ ಹುಡುಕಾಟ. ಹಾರ್ಡ್ ಡಿಸ್ಕು, ಸಿ.ಡಿ., ನೆಗೆಟಿವ್ ತುಂಬಿದ ಬಿಸ್ಕೀಟಿನ ಡಬ್ಬಿ ಎಲ್ಲ ಹೊರಗೆ ಬಿದ್ದವು. ಮೆಟ್ಟಿಲು ಸಿಕ್ಕವು, ವಾಡೆ ಸಿಕ್ಕಿತು, ಮೀಯುವ ಎಮ್ಮೆಗಳೂ ಸಿಕ್ಕವು. ಸತ್ತೆಪ್ಪ ಒಂದರಲ್ಲೂ ಇರಲಿಲ್ಲ. ಇರುವುದಾದರೂ ಹೇಗೆ? ಅಸ್ಫಾಕ ದೋಣಿಯ ಮುಂದಿನ ತುದಿಯಲ್ಲಿ ಊರಿಗೆ ಮುಖ ಮಾಡಿ ಕೂರುತ್ತಿದ್ದ. ಸತ್ತೆಪ್ಪ ಅವನ ಬೆನ್ನ ಹಿಂದೆ ನಿಂತು, ಫೋಟೋ ಅಲುಗದ ಹಾಗೆ ದೋಣಿ ಹಿಡಿದಿರುತ್ತಿದ್ದ.

ಅಸ್ಫಾಕ ಅಂಗಡಿಯಿಂದ ರಸ್ತೆಗೆ, ರಸ್ತೆಯಿಂದ ಅಂಗಡಿಗೆ ತಿರುಗತೊಡಗಿದ. ಚಹಾ ತರಿಸಿ ಕುಡಿಯದೆ ಬಿಟ್ಟ. ನೋಡಿದ ಡಬ್ಬಿಯನ್ನೇ ಮತ್ತೆ ತೆರೆದ. ಸೋಮವಾರಕ್ಕೆ ನಾಲ್ಕೇ ದಿನ. ನನಗೆ ತಡೆಯಲಾಗಲಿಲ್ಲ.

"ಆಧಾರದ ಮಾರಿ ಐತೆಲ್ಲೋ? ಕಂಪ್ಯೂಟರ್‌ನ್ಯಾಗ ಒಂದ ದೋಣಿ, ಒಂದ ಮೈ ಹುಡುಕಿ ಕೂಡ್ಸು. ಯಾರಿಗ ತಿಳೀತೈತಿ?" ಎಂದೆ. ಇಂಥ ಹಾಳು ಉಪಾಯಗಳು ನನಗೆ ಬೇಗ ಹೊಳೆಯುತ್ತವೆ.

ಅಸ್ಫಾಕ ಬೇಡವೆಂದ. ಮರುದಿನವೂ ಬೇಡವೆಂದ. ಶನಿವಾರ ಸುಮ್ಮನೆ ಕೂತು ಮಾಡಿದ. ಚೆನ್ನಾಗಿಯೇ ಬಂತು: ಬಿಳಿ ಅಂಗಿಯ ಸತ್ತೆಪ್ಪ, ದೋಣಿಯಲ್ಲಿ ನೆಟ್ಟಗೆ ನಿಂತು ಹುಟ್ಟು ಹಾಕುತ್ತಿದ್ದಾನೆ, ಹಿಂದೆ ನಮ್ಮ ಘಾಟು. ಭಾನುವಾರ ಇಬ್ಬರೂ ಅದನ್ನು ಹಿಡಿದುಕೊಂಡು ಹೋದೆವು.

ಶೇವಂತಾ ಕೈ ಒರೆಸಿಕೊಂಡು ಫ್ರೇಮ್ ಇಸಿದುಕೊಂಡಳು. ಬಹಳ ಹೊತ್ತು ನೋಡಿದಳು.

"ಇವ್ರ ಯಾರ್ರಿ?"

"ಸತ್ತೆಪ್ಪಣ್ಣ, ವೈನಿ."

"ಮಾರಿ ಅವ್ರದಽ ಐತಿ. ಆದ್ರ ಅವ್ರು ಎಡಚರಿದ್ರು. ಬಲಗೈಲೆ ಒಮ್ಮೆನೂ ಹುಟ್ಟ ಹಾಕಿದವ್ರಲ್ಲ."

ಅಸ್ಫಾಕ ಇದ್ದದ್ದನ್ನು ಇದ್ದಹಾಗೆ ಹೇಳಿಬಿಟ್ಟ. ಉಪಾಯ ನನ್ನದೆಂದು ಮಾತ್ರ ಹೇಳಲಿಲ್ಲ, ಪುಣ್ಯಾತ್ಮ. ಹೇಳಬೇಕಾದ ನಾನು ಬಾಯಿ ಮುಚ್ಚಿಕೊಂಡಿದ್ದೆ.

"ಹತ್ತೊಂಬತ್ತ ವರ್ಷ ನಿಮ್ಮ ಹಿಂದಽ ನಿಂತಿದ್ರಲ್ರಿ. ಒಮ್ಮೆರ ತಿರುಗಿ ನೋಡಲಿಲ್ಲೇನು?" ಎಂದು ಕೇಳಿದಳು.

"ಇಲ್ಲ ವೈನಿ. ನೋಡಲಿಲ್ಲ."

ಅಸ್ಫಾಕ ಅತ್ತ. ಗೋಡೆ ಬಿದ್ದಾಗ ಅವನು ಅತ್ತದ್ದನ್ನು ಕಂಡಿದ್ದೇನೆ. ಇದು ಬೇರೆ ಅಳು, ನಾಚಿಕೆಯದು. ಶೇವಂತಾ ಫ್ರೇಮನ್ನು ಅವನ ಕೈಗೆ ವಾಪಸು ಕೊಟ್ಟಳು.

"ಆಧಾರದ ಫೋಟೋಕ್ಕಽ ಹಾರ ಹಾಕ್ತೀನಿ ಬಿಡ್ರಿ. ಅದರಾಗರ ಅವ್ರಽ ಅದಾರ." ಒಳಗೆ ಹೋಗಲು ತಿರುಗಿದವಳು ನಿಂತಳು. "ನಿಮಗ ಅವ್ರದು ಏನೂ ನೆನಪಿಲ್ಲೇನ್ರಿ ಹಂಗಾದ್ರ?"

"ದನಿ ನೆನಪೈತಿ ವೈನಿ. ನಾ ಇನ್ನೊಂದ ಫೋಟೋ, ಇನ್ನೊಂದ ಅಂತ ಹೊತ್ತ ಮಾಡ್ತಿದ್ದೆ. ಅವ್ರು ಹಿಂದಿನಿಂದ, 'ಲಗೂ ಮುಗಸ್ರಿ ಸಾಹೇಬ್ರ, ನಾ ಮನಿಗಿ ಹೋಗೂತನಕ ಆಕಿ ಉಣ್ಣಂಗಿಲ್ಲ' ಅಂತಿದ್ರು."

ಶೇವಂತಾ ಹೊಸ್ತಿಲ ಮೇಲೆ ಹಾಗೇ ಕೂತುಬಿಟ್ಟಳು. ಸೆರಗಿನಿಂದ ಮುಖ ಒರೆಸಿಕೊಂಡು, "ಇನ್ನೊಮ್ಮೆ ಹೇಳ್ರಿ" ಎಂದಳು.